ರಿವರ್ಸ್ ಮೊದಲು, ರೋಡ್ ಆಮೇಲೆ

“ಮುಂದ ಓಡ್ಸಾಕ ಬರವಲ್ದು, ಹಿಂದ ಏನ್ ಕಲಸ್ತೀರಿ?” ನಮ್ಮ ಡ್ರೈವಿಂಗ್ ಸ್ಕೂಲಿನಲ್ಲಿ ರಸ್ತೆಗಿಳಿಸುವ ಮೊದಲೇ ಕಾರು ರಿವರ್ಸ್ ತೆಗೆಯುವುದನ್ನು ಕಲಿಸುತ್ತೇವೆ ಅಂದಾಗ ಹುಬ್ಬಳ್ಳಿಯ ಬೇರೆ ಸ್ಕೂಲಿನವರಲ್ಲಿ ಹೀಗೆ ಅಂದವರೇ ಹೆಚ್ಚು. ಈಗ ಅವರಲ್ಲೇ ಕೆಲವರು ಟೆಸ್ಟಿಗೆ ವಾರವಿದೆ ಅನ್ನುವಾಗ ತಮ್ಮ ಹುಡುಗರನ್ನು ನಮ್ಮ ಮೈದಾನಕ್ಕೆ ಕಳಿಸುತ್ತಾರೆ. ಅದಕ್ಕೇ ಬರೆಯುತ್ತಿದ್ದೇನೆ.

ರೂಢಿಯ ಪದ್ಧತಿ ನಿಮಗೆ ಗೊತ್ತೇ ಇದೆ. ನಿಯಮದ ಪ್ರಕಾರ ಕಾರಿಗೆ ಕನಿಷ್ಠ 21 ದಿನದ ತರಬೇತಿ, ಅದರಲ್ಲಿ 10 ತಾಸು ನಿಜವಾಗಿ ಓಡಿಸಬೇಕು. ಅದರ ಬಹುಪಾಲು ಗೋಕುಲ ರಸ್ತೆ, ನವನಗರ ಅಂತ ಮುಂದೆ ಹೋಗುವುದರಲ್ಲೇ ಮುಗಿಯುತ್ತದೆ. ಕೊನೆಯ ಎರಡು ದಿನ ‘ಎಚ್’, ಅಂದರೆ ಟೆಸ್ಟಿನಲ್ಲಿ H ಆಕಾರದ ಗೆರೆಗಳ ನಡುವೆ ಗಾಡಿ ಹಿಂದೆ ಮುಂದೆ ತೆಗೆಯುವುದು. “ಆ ಕಂಬ ಗ್ಲಾಸಿನಾಗ ಕಂಡ್ ಕೂಡ್ಲೇ ಒಂದೂವರಿ ಸುತ್ತು” ಅಂತ ಬಾಯಿಪಾಠ. ಟೆಸ್ಟಿನ ದಿನ ಸೀಟು ಎರಡು ಬೆರಳು ಹಿಂದೆ ಸರಿದಿದ್ದರೂ ಆ ಗುರುತು ತಪ್ಪುತ್ತದೆ. ಗಾಡಿ ಬೇರೆಯಾದರೆ ಸ್ಟೇರಿಂಗ್ ಸುತ್ತಿನ ಲೆಕ್ಕವೇ ಬೇರೆ. ಹಿಂದಿನ ಚಕ್ರ ಗೆರೆ ಮುಟ್ಟಿತೆಂದರೆ ಮುಗಿಯಿತು.

ಫೇಲಾದರೆ ಏಳು ದಿನ ಕಾಯಬೇಕು, ಒಂದೊಂದು ವಾಹನ ವರ್ಗಕ್ಕೂ ಮತ್ತೆ 300 ರೂಪಾಯಿ ಟೆಸ್ಟ್ ಶುಲ್ಕ ಕಟ್ಟಬೇಕು, ಹೊಸ ಸ್ಲಾಟ್ ಹುಡುಕಬೇಕು. ಮೂರು ಸಲ ಫೇಲಾದರೆ 60 ದಿನ ಬಾಗಿಲು ಬಂದ್. ಎಲ್‌ಎಲ್, ಅಂದರೆ ಕಲಿಯುವವರ ಲೈಸೆನ್ಸಿನ ಆಯುಷ್ಯವೇ ಆರು ತಿಂಗಳು, ಅದರಲ್ಲೂ ಮೊದಲ 30 ದಿನ ಟೆಸ್ಟಿಗೆ ಹೋಗುವಂತಿಲ್ಲ. ಸ್ಕೂಲಿನ ಲೆಕ್ಕಕ್ಕೆ ಬಂದರೆ ಗಾಡಿ, ಪೆಟ್ರೋಲು, ಮಾಸ್ತರರ ಅರ್ಧ ದಿನ ಸೇರಿ ಒಂದು ಮರುಟೆಸ್ಟಿಗೆ ಸಾವಿರದ ಆಸುಪಾಸು ಕೈಬಿಡುತ್ತದೆ. ನಮ್ಮಲ್ಲಿ ಮೊದಲು ಹತ್ತರಲ್ಲಿ ನಾಲ್ಕೈದು ಮಂದಿ ಮರುಟೆಸ್ಟಿಗೆ ಹೋಗುತ್ತಿದ್ದರು. ಈಗ ಒಬ್ಬರು, ಹೆಚ್ಚೆಂದರೆ ಇಬ್ಬರು.

ನಮ್ಮ ಪದ್ಧತಿಯಲ್ಲಿ ಮೊದಲ ವಾರ ರಸ್ತೆಯೇ ಇಲ್ಲ, ಆಕ್ಸಿಲರೇಟರೂ ಇಲ್ಲ. ಬಲಗಾಲು ಬ್ರೇಕಿನ ಮೇಲೆ, ಹಿಮ್ಮಡಿ ನೆಲಕ್ಕೆ. ರಿವರ್ಸ್ ಗೇರ್ ಹಾಕಿ ಕ್ಲಚ್ಚನ್ನು ನಿಧಾನ ಬಿಡುತ್ತ ಬರಬೇಕು. ಎಂಜಿನ್ ಸದ್ದು ತುಸು ಇಳಿಯುತ್ತದೆ, ಗಾಡಿಯ ಮೈ ಸಣ್ಣಗೆ ನಡುಗುತ್ತದೆ. ಅಲ್ಲಿ ಕಾಲು ಹಿಡಿದು ಬ್ರೇಕ್ ಸಡಿಲಿಸಿದರೆ ಗಾಡಿ ತಾನೇ ಹಿಂದೆ ಹೊರಡುತ್ತದೆ. ಒಂದು ಗೇಣು ಹೋಗು, ನಿಲ್ಲು. ಮತ್ತೊಂದು ಗೇಣು ಹೋಗು, ನಿಲ್ಲು. ಕಿಟಕಿ ಇಳಿಸಿರಬೇಕು, ಎಸಿ, ರೇಡಿಯೋ ಬಂದ್ ಇರಬೇಕು. ಸದ್ದು ಕೇಳದಿದ್ದರೆ ಹಾಫ್ ಕ್ಲಚ್, ಅಂದರೆ ಕ್ಲಚ್ ಅರ್ಧ ಹಿಡಿಯುವ ಆ ಜಾಗ, ಸಿಗುವುದಿಲ್ಲ. ಎರಡು ದಿನ ಇಷ್ಟೇ. ಮೂರನೆಯ ದಿನ ಸ್ಟೇರಿಂಗ್: ಗಾಡಿಯ ಹಿಂಭಾಗ ಯಾವ ಕಡೆ ಹೋಗಬೇಕೋ ಆ ಕಡೆಗೇ ತಿರುಗಿಸಬೇಕು. ಸುತ್ತು ಎಣಿಸುವಂತಿಲ್ಲ, ಕನ್ನಡಿಯಲ್ಲಿ ಹಿಂದಿನ ಚಕ್ರಕ್ಕೂ ಗೆರೆಗೂ ಇರುವ ಸಂದು ನೋಡುತ್ತಿರಬೇಕು. ಎಡಗನ್ನಡಿಯನ್ನು ಎಷ್ಟು ಬಾಗಿಸುತ್ತೇವೆ ಅನ್ನುವುದನ್ನು ಮಾತ್ರ ಇಲ್ಲಿ ಬರೆಯುವುದಿಲ್ಲ, ಅದು ನಮ್ಮ ಸ್ಕೂಲಿನ ಗುಟ್ಟು.

ಹೀಗೆ ಕಲಿತವರು ರಸ್ತೆಗೆ ಬಂದಾಗ ಗಾಡಿ ಬಂದ್ ಬೀಳುವುದು ತೀರ ಕಡಿಮೆ. ನೃಪತುಂಗ ಬೆಟ್ಟದ ಏರಿನಲ್ಲಿ ಹ್ಯಾಂಡ್‌ಬ್ರೇಕ್ ಬಿಟ್ಟು ಎತ್ತುವುದನ್ನು ಅರ್ಧ ತಾಸಿನಲ್ಲಿ ಹಿಡಿಯುತ್ತಾರೆ.

“ಕ್ಲಚ್ ಪ್ಲೇಟ್ ಸುಟ್ಟು ಹೋಗ್ತಾವ್ರಿ” ಅನ್ನುವುದು ಎಲ್ಲರ ದೊಡ್ಡ ತಕರಾರು. ಪ್ಲೇಟ್ ಸುಡುವುದು ಹಾಫ್ ಕ್ಲಚ್ಚಿನಲ್ಲಿ ಆಕ್ಸಿಲರೇಟರ್ ತುಳಿದಾಗ, ಏರಿನಲ್ಲಿ ಬ್ರೇಕ್ ಬಿಟ್ಟು ಕ್ಲಚ್ಚಿನಲ್ಲೇ ಗಾಡಿ ಹಿಡಿದು ನಿಲ್ಲಿಸಿದಾಗ. ಐಡಲ್‌ನಲ್ಲಿ, ಅಂದರೆ ಆಕ್ಸಿಲರೇಟರ್ ತುಳಿಯದೆ, ಸಪಾಟು ನೆಲದಲ್ಲಿ ಅಷ್ಟು ಶಾಖ ಹುಟ್ಟುವುದಿಲ್ಲ. ನಮ್ಮ ಆಲ್ಟೋಗೆ ಕ್ಲಚ್ ಸೆಟ್ ಕೂಲಿ ಸೇರಿ ಐದು ಸಾವಿರದ ಮೇಲೆ ಬೀಳುತ್ತದೆ, ಬದಲಿಸುವ ಅವಧಿ ಮೊದಲಿಗಿಂತ ಉದ್ದವಾಗಿದೆಯೇ ಹೊರತು ಕಡಿಮೆಯಾಗಿಲ್ಲ. ಪೆಟ್ರೋಲು ತಾಸಿಗೆ ಲೀಟರಿನ ಆಸುಪಾಸು.

ಮೈದಾನ ಮುಖ್ಯ. ಎರೆಮಣ್ಣಾದರೆ ಜೂನ್‌ನಿಂದ ಚಕ್ರಕ್ಕೆ ಮೆತ್ತಿಕೊಂಡು ಕೆಲಸವೇ ನಿಲ್ಲುತ್ತದೆ. ಗರಸು ಹಾಕಿಸಿ ರೋಲರ್ ಹೊಡೆಸಲೇಬೇಕು. ಸುಣ್ಣದ ಗೆರೆ ಒಂದು ಮಳೆಗೆ ಹೋಗುತ್ತದೆ. ಸುತಳಿ ಎಳೆದು ಎರಡೂ ತುದಿಗೆ ಮೊಳೆ ಬಡಿದರೆ ಚಕ್ರ ಹತ್ತಿದ್ದು ಗುರುತು ಸಮೇತ ಕಾಣುತ್ತದೆ. ಕಂಬದ ಬದಲು ಉಸುಕು ತುಂಬಿದ ಎರಡು ಲೀಟರಿನ ಬಾಟಲಿ ಸಾಕು, ಬಂಪರಿಗೆ ಪೆಟ್ಟಿಲ್ಲ.

ಹಿಂದಿನ ಗ್ಲಾಸಿಗೆ ಬಣ್ಣದ ಟೇಪ್ ಅಂಟಿಸಿ ನೋಡಿದ್ದೂ ಉಂಟು. ಅದು ಆ ಒಂದು ಗಾಡಿಗಷ್ಟೇ ಆಗುತ್ತದೆ, ಬಿಟ್ಟೆವು. ರಿವರ್ಸ್ ಕ್ಯಾಮೆರಾ ಇದ್ದರೆ ಪರದೆಗೆ ಬಟ್ಟೆ ಮುಚ್ಚುತ್ತೇವೆ. ಬೈಕ್ ಟೆಸ್ಟಿನಲ್ಲಿ 8ರ ಆಕಾರದಲ್ಲಿ ಸುತ್ತುವ ‘ಎಂಟು’ ಹಾಕಲು ಬೇರೆ ದಾರಿ ಸಿಕ್ಕಿತು: ರೇಸ್ ಒಂದೇ ಸಮ ಇಟ್ಟು ಹಿಂದಿನ ಬ್ರೇಕನ್ನು ಹಗುರ ಹಿಡಿದು, ಕಣ್ಣು ಮುಂದಿನ ತಿರುವಿಗೆ. ಮುಂದಿನ ಚಕ್ರ ನೋಡಿದವರು ಕಾಲು ಊರುತ್ತಾರೆ. ದೊಡ್ಡ ಎಂಟರಿಂದ ಶುರು ಮಾಡಿ ದಿನಕ್ಕೆ ಒಂದಡಿ ಕಿರಿದು ಮಾಡಿದರೆ ವಾರದಲ್ಲಿ ಸರಿಯಾಗುತ್ತದೆ.

ಎಲ್‌ಎಲ್ ಕೆಲಸವನ್ನು ಸರ್ಕಾರದ ಸಾರಥಿ ಪೋರ್ಟಲ್‌ನಲ್ಲಿ ಹುಡುಗರ ಕೈಯಲ್ಲೇ ಮಾಡಿಸುತ್ತೇವೆ. ಆಧಾರ್‌ಗೆ ಮೊಬೈಲ್ ಜೋಡಣೆಯಾಗಿದ್ದರೆ ಪರೀಕ್ಷೆಯೂ ಮನೆಯಲ್ಲೇ. ಶುಲ್ಕ ವರ್ಗಕ್ಕೆ 150, ಪರೀಕ್ಷೆಗೆ 50. ಇದಕ್ಕೆ ಮಧ್ಯವರ್ತಿಗೆ ಸಾವಿರಗಟ್ಟಲೆ ಕೊಡುವುದು ಅನ್ಯಾಯ. ಕೈಕೊಡುವುದು ಹೆಸರಿನಲ್ಲಿ: ಆಧಾರ್‌ನಲ್ಲಿ ಹೆಸರು, ತಂದೆಯ ಹೆಸರು, ಅಡ್ಡಹೆಸರು ಪೂರ್ತಿ ಇರುತ್ತದೆ, ಎಸ್ಸೆಸ್ಸೆಲ್ಸಿ ಅಂಕಪಟ್ಟಿಯಲ್ಲಿ ಬರೀ ಇನಿಷಿಯಲ್. ಆಧಾರ್‌ನಲ್ಲಿ ಇದ್ದದ್ದೇ ಲೈಸೆನ್ಸಿಗೆ ಬರುತ್ತದೆ, ಆದ್ದರಿಂದ ಮೊದಲು ಅದನ್ನು ತಿದ್ದಿಸಿ ಬನ್ನಿ ಅನ್ನುತ್ತೇವೆ. 40 ದಾಟಿದವರಿಗೆ ಫಾರ್ಮ್ 1ಎ ವೈದ್ಯಕೀಯ ಪ್ರಮಾಣಪತ್ರವೂ ಬೇಕು.

ಟೆಸ್ಟಿನ ಹಿಂದಿನ ಸಂಜೆ ಹುಡುಗರಿಗಿಂತ ಮೊದಲು ಗಾಡಿಯ ಕಾಗದ ನೋಡುತ್ತೇವೆ. ಆರ್‌ಸಿ, ಇನ್ಶೂರೆನ್ಸ್, ಹೊಗೆ ತಪಾಸಣೆ ಚೀಟಿ, ಮುಂದೆ ಹಿಂದೆ ಬಿಳಿಯ ಮೇಲೆ ಕೆಂಪು ‘ಎಲ್’. ಹೊಗೆ ಚೀಟಿಯ ತಾರೀಖು ಮುಗಿದಿದ್ದಕ್ಕೇ ಗಾಡಿ ಹತ್ತದೆ ವಾಪಸ್ ಬಂದವರಿದ್ದಾರೆ.