ಕಾನೂನು ವಿದ್ಯಾರ್ಥಿಗಳ ಸಂಘ ಕಟ್ಟುತ್ತೀರಾ? ಬಿಟ್ಟು ಹೋಗುವವರ ಲೆಕ್ಕ ಮೊದಲು ಹಾಕಿ

ನಮ್ಮೂರಿನ ಒಂದು ಬ್ಯಾಂಕಿನಲ್ಲಿ 11 ಸಾವಿರ ಚಿಲ್ಲರೆ ರೂಪಾಯಿ ಆರು ವರ್ಷದಿಂದ ಸುಮ್ನೆ ಕೂತಿದೆ. ನಾವು ಏಳೆಂಟು ಜನ ಸೇರಿ ಕಟ್ಟಿದ ಸಂಘದ ಹಣ ಅದು. ಚೆಕ್ಕಿಗೆ ಇಬ್ಬರ ಸಹಿ ಬೇಕು. ಒಬ್ಬ ಓದು ಮುಗಿಸಿ ದೆಹಲಿಯ ಕಂಪನಿಯೊಂದಕ್ಕೆ ಸೇರಿದ. ಇನ್ನೊಬ್ಬಳು ಪರೀಕ್ಷೆ ಪಾಸಾಗಿ ಸಿವಿಲ್ ನ್ಯಾಯಾಧೀಶೆಯಾದಳು. ಅವಳು ಈಗ ವಕೀಲರಿರುವ ಸಂಘದ ಚೆಕ್ಕಿಗೆ ಸಹಿ ಹಾಕುವುದು ಹೇಗೆ? ಸಹಿದಾರರನ್ನು ಬದಲಿಸಲು ಬ್ಯಾಂಕಿನವರು ಸರ್ವ ಸದಸ್ಯರ ಸಭೆಯ ಠರಾವು ಕೇಳಿದರು. ಸಭೆ ಕರೆಯೋಣ ಅಂದರೆ ಸದಸ್ಯರೇ ಇಲ್ಲ. ಎಲ್ಲರೂ ಪಾಸಾದರು, ಸಂಘ ಮಾತ್ರ ಫೇಲಾಯಿತು.

ಆಮೇಲೆ ಇಂಥ ನಾಲ್ಕಾರು ಸಂಘಗಳನ್ನು ಹತ್ತಿರದಿಂದ ನೋಡಿದ್ದೇನೆ. ಜಗಳವಾಡಿ ಮುರಿದದ್ದು ಕಡಿಮೆ, ಮಂದಿ ಚದುರಿ ಸತ್ತದ್ದೇ ಜಾಸ್ತಿ. ಹಾಗಾಗಿ ಕಾನೂನು ವಿದ್ಯಾರ್ಥಿಗಳೂ ಜೂನಿಯರ್ ವಕೀಲರೂ ಸೇರಿ ಕರ್ನಾಟಕದಲ್ಲಿ ಒಂದು ಸಂಘವನ್ನು ನೋಂದಾಯಿಸಿ ಉಳಿಸಿಕೊಳ್ಳುವುದು ಹೇಗೆ ಅಂತ ಬರೆಯುತ್ತಿದ್ದೇನೆ.

ವಕೀಲರ ಸಂಘ ಇದೆಯಲ್ಲ, ಮತ್ತೊಂದು ಯಾಕೆ ಅಂತ ಕೇಳುವವರಿದ್ದಾರೆ. ಅಲ್ಲಿ ಸೇರಲು ಸನ್ನದು (ವಕೀಲಿ ಮಾಡುವ ಪರವಾನಗಿ) ಬೇಕು, ವಿದ್ಯಾರ್ಥಿಗೆ ಜಾಗವಿಲ್ಲ. ಸನ್ನದು ಸಿಕ್ಕ ಹುಡುಗ ಸೇರಿದರೂ, ತನ್ನ ಸೀನಿಯರ್ ಮುಂದೆ ಕೂತಿರುವಾಗ ಎದ್ದು ನಿಂತು ಸ್ಟೈಪೆಂಡ್, ಅಂದರೆ ಸೀನಿಯರ್ ತಿಂಗಳಿಗೆ ಕೊಡುವ ದುಡ್ಡಿನ ಮಾತೆತ್ತುತ್ತಾನಾ? ನಮ್ಮಲ್ಲಿ ‘ತರಬೇತಿ ವಕೀಲ’ ಅನ್ನುವ ಸ್ಥಾನ ಕಾಗದದ ಮೇಲೆ ಇಲ್ಲವೇ ಇಲ್ಲ. 1995ರಲ್ಲಿ ಭಾರತೀಯ ವಕೀಲರ ಪರಿಷತ್ತು (ಬಾರ್ ಕೌನ್ಸಿಲ್) ಒಂದು ವರ್ಷದ ತರಬೇತಿ ಕಡ್ಡಾಯ ಮಾಡಿ ನಿಯಮ ತಂದಿತ್ತು. 1999ರಲ್ಲಿ ಸುಪ್ರೀಂ ಕೋರ್ಟ್ ಅದನ್ನು ರದ್ದು ಮಾಡಿತು. ಫೈಲು ಹೊರುವುದು, ವಾಯಿದೆ ಬರೆದುಕೊಳ್ಳುವುದು, ಸೀನಿಯರ್ ಬರುವ ತನಕ ಕೇಸು ಆಮೇಲೆ ತಗೊಳ್ಳಿ ಅಂತ ಪಾಸ್‌ಓವರ್ ಕೇಳುವುದು ಎಲ್ಲ ತರಬೇತಿಯೇ. ಹೆಸರಿಲ್ಲ ಅಷ್ಟೇ.

ಮೊದಲ ಹಂತ: ಏಳು ಜನ

1960ರ ಕರ್ನಾಟಕ ಸಂಘಗಳ ನೋಂದಣಿ ಕಾಯ್ದೆಯಲ್ಲಿ ಕನಿಷ್ಠ ಏಳು ಜನ ಬೇಕು. ಐದು ವರ್ಷದ ಕೋರ್ಸಿನ ಮೊದಲ ವರ್ಷದವರಿಗೆ ಕೆಲವೊಮ್ಮೆ 18 ತುಂಬಿರುವುದಿಲ್ಲ. ಅವರ ಸಹಿ ಬೇಡ. ಏಳರಲ್ಲಿ ಮೂವರಾದರೂ ಸನ್ನದು ಪಡೆದು, ಅದೇ ಊರಿನಲ್ಲಿ ವಕೀಲಿ ಮಾಡುತ್ತಿರಲಿ. ಏಳೂ ಜನ ಒಂದೇ ತರಗತಿಯ ಗೆಳೆಯರಾದರೆ ಅದು ಬ್ಯಾಚು, ಸಂಘ ಅಲ್ಲ.

ಎರಡನೇ ಹಂತ: ಹೆಸರು, ಮುದ್ರೆ, ವಿಳಾಸ

ಈಗಾಗಲೇ ನೋಂದಣಿಯಾದ ಹೆಸರನ್ನು ಹೋಲುವ ಹೆಸರು ಸಿಗುವುದಿಲ್ಲ. ಸರ್ಕಾರದ್ದೇ ಸಂಸ್ಥೆ ಇರಬೇಕು ಅಂತ ಅನ್ನಿಸುವ ಹೆಸರೂ ನಡೆಯುವುದಿಲ್ಲ. ‘ರಾಷ್ಟ್ರೀಯ’, ‘ಅಖಿಲ ಭಾರತ’, ‘ಪರಿಷತ್ತು’ ಎಲ್ಲ ಬಿಡಿ. ಜಿಲ್ಲೆಯ ಹೆಸರು ಹಾಕಿ, ಮುಂದೆ ಸಾಗಿ.

ಲೆಟರ್‌ಹೆಡ್ ಮೇಲೆ ನಾಲ್ಕು ಸಿಂಹ ಹಾಕಿಸುವ ಚಪಲ ನಮ್ಮವರಿಗೆ ಬಹಳ. ರಾಷ್ಟ್ರ ಲಾಂಛನದ ದುರ್ಬಳಕೆ ತಡೆಯಲು 2005ರಲ್ಲೇ ಪ್ರತ್ಯೇಕ ಕಾಯ್ದೆ ಬಂದಿದೆ. ಕಾನೂನು ಓದುವವರೇ ಅದನ್ನು ಮುರಿದು ಕಾಗದ ಅಚ್ಚು ಹಾಕಿಸಿದರೆ ಓದಿದವರು ನಗುತ್ತಾರೆ. ತಕ್ಕಡಿ ಹಾಕಿಕೊಳ್ಳಿ, ಯಾರೂ ಕೇಳುವುದಿಲ್ಲ.

ವಿಳಾಸಕ್ಕೆ ಹಾಸ್ಟೆಲ್ ರೂಮು ಬೇಡ. ಸೀನಿಯರ್ ಆಫೀಸೂ ಬೇಡ. ಆಫೀಸು ಕೊಟ್ಟವರು ಆರು ತಿಂಗಳಲ್ಲಿ ಗೌರವಾಧ್ಯಕ್ಷರಾಗುತ್ತಾರೆ, ಒಂದು ವರ್ಷದಲ್ಲಿ ಸಂಘ ಅವರದ್ದಾಗುತ್ತದೆ. ಅದೇ ಊರಿನಲ್ಲಿ ಸ್ವಂತ ಮನೆ ಇರುವ ಸದಸ್ಯರ ವಿಳಾಸ ಸಾಕು. ಮನೆ ಮಾಲೀಕರಿಂದ ಒಂದು ಒಪ್ಪಿಗೆ ಪತ್ರ ಬರೆಸಿಕೊಳ್ಳಿ.

ಮೂರನೇ ಹಂತ: ಬೈಲಾ

ಬೈಲಾ ಅಂದರೆ ಸಂಘದ ಒಳನಿಯಮ. ಎಲ್ಲರೂ ಎಡವುವುದು ಇಲ್ಲೇ. ಯಾಕೆಂದರೆ ಎಲ್ಲರೂ ಇದನ್ನು ಜೆರಾಕ್ಸ್ ಅಂಗಡಿಯಿಂದ ತರುತ್ತಾರೆ. ಕಚೇರಿಗಳ ಅಕ್ಕಪಕ್ಕ ರೆಡಿಮೇಡ್ ಬೈಲಾ ಸಿಗುತ್ತದೆ. ಹೆಸರಿನ ಜಾಗ ಖಾಲಿ, ತುಂಬಿದರೆ ಆಯಿತು. ಒಂದು ಕಾನೂನು ವಿದ್ಯಾರ್ಥಿ ಸಂಘದ ಬೈಲಾ ನನ್ನ ಕೈಗೆ ಬಂದಿತ್ತು. ಉದ್ದೇಶಗಳ ಪಟ್ಟಿಯಲ್ಲಿ ನಾಲ್ಕನೆಯದು ‘ಮಹಿಳೆಯರಿಗೆ ಹೊಲಿಗೆ ತರಬೇತಿ’, ಒಂಬತ್ತನೆಯದು ‘ಜಾನುವಾರು ಶಿಬಿರ’. ಸ್ಟೈಪೆಂಡ್, ಇಂಟರ್ನ್‌ಶಿಪ್ ಅನ್ನುವ ಪದ ಎಲ್ಲೂ ಇಲ್ಲ. ಬೇರೆಲ್ಲದಕ್ಕೂ ಅಡ್ಡದಾರಿ ಹಿಡಿಯಿರಿ ಬೇಕಾದರೆ. ಬೈಲಾ ಮಾತ್ರ ಕೂತು ಬರೆಯಿರಿ. ಎರಡು ಭಾನುವಾರದ ಕೆಲಸ ಅದು.

ಮೊದಲು ಸದಸ್ಯ ಯಾರು ಅನ್ನುವುದು. ‘ಕಾನೂನು ವಿದ್ಯಾರ್ಥಿಗಳು ಮತ್ತು ವಕೀಲರು’ ಅಂತ ಒಂದು ಸಾಲು ಬರೆದು ಕೈ ತೊಳೆದುಕೊಳ್ಳುತ್ತಾರೆ. ಈಗ ಒಬ್ಬ ಹುಡುಗಿಯನ್ನು ನೆನೆಸಿಕೊಳ್ಳಿ. ಕೊನೆಯ ಸೆಮಿಸ್ಟರ್ ಪರೀಕ್ಷೆ ಬರೆದಿದ್ದಾಳೆ. ಫಲಿತಾಂಶ ಬರಬೇಕು, ಅಂಕಪಟ್ಟಿ ಕೈಗೆ ಸಿಗಬೇಕು, ರಾಜ್ಯ ವಕೀಲರ ಪರಿಷತ್ತಿನಲ್ಲಿ ನೋಂದಣಿಯಾಗಬೇಕು. ಇಷ್ಟಕ್ಕೆ ತಿಂಗಳುಗಟ್ಟಲೆ ಹಿಡಿಯುತ್ತದೆ. ಆ ಅವಧಿಯಲ್ಲಿ ಅವಳು ವಿದ್ಯಾರ್ಥಿನಿಯೂ ಅಲ್ಲ, ವಕೀಲೆಯೂ ಅಲ್ಲ. ಸಂಘದ ನೆರವು ಜಾಸ್ತಿ ಬೇಕಾಗುವುದು ಆಗಲೇ. ಸನ್ನದಿನ ಶುಲ್ಕವನ್ನೇ ತಗೊಳ್ಳಿ. ವಕೀಲರ ಕಾಯ್ದೆಯ ಪ್ರಕಾರ ಅದು ಸಾಮಾನ್ಯ ವರ್ಗಕ್ಕೆ 750 ರೂಪಾಯಿ, ಪರಿಶಿಷ್ಟ ಜಾತಿ ಮತ್ತು ಪಂಗಡದವರಿಗೆ 125. ಅದಕ್ಕಿಂತ ಹೆಚ್ಚು ವಸೂಲಿ ಮಾಡುವ ಹಾಗಿಲ್ಲ ಅಂತ ಸುಪ್ರೀಂ ಕೋರ್ಟ್ 2024ರ ಜುಲೈ 30ರಂದು ಹೇಳುವ ತನಕ ರಾಜ್ಯ ರಾಜ್ಯಗಳಲ್ಲಿ ಸಾವಿರಗಟ್ಟಲೆ ಕಟ್ಟಿಸಿಕೊಳ್ಳುತ್ತಿದ್ದರು. ಇದರ ವಿರುದ್ಧ ಕೂಗಬೇಕಾದವರು ಯಾರು? ಪರೀಕ್ಷೆ ಮುಗಿಸಿ ಸನ್ನದಿಗೆ ಕಾಯುತ್ತಿರುವವರು. ಬಹುತೇಕ ಬೈಲಾಗಳಲ್ಲಿ ಅವರ ಸದಸ್ಯತ್ವ ಅಷ್ಟೊತ್ತಿಗೆ ಮುಗಿದಿರುತ್ತದೆ.

ಆದ್ದರಿಂದ ಮೂರು ವರ್ಗ ಮಾಡಿ. ಕಾಲೇಜಿನಲ್ಲಿ ಓದುತ್ತಿರುವವರು ವಿದ್ಯಾರ್ಥಿ ಸದಸ್ಯರು. ಕೊನೆಯ ಪರೀಕ್ಷೆ ಬರೆದ ದಿನದಿಂದ ಸನ್ನದು ಸಿಗುವ ತನಕ, ಹೆಚ್ಚೆಂದರೆ 18 ತಿಂಗಳು, ನಡುವಿನ ಸದಸ್ಯರು. ಸನ್ನದು ಪಡೆದ ದಿನದಿಂದ ಐದು ವರ್ಷದ ತನಕ ಕಿರಿಯ ವಕೀಲ ಸದಸ್ಯರು. ಒಂದರಿಂದ ಇನ್ನೊಂದಕ್ಕೆ ತಾನಾಗಿಯೇ ದಾಟಬೇಕು. ಹೊಸ ಅರ್ಜಿ, ಹೊಸ ಪ್ರವೇಶ ಶುಲ್ಕ ಇಟ್ಟರೆ ಅರ್ಧ ಜನ ದಾಟುವುದೇ ಇಲ್ಲ. ಸನ್ನದು ಸಿಕ್ಕಮೇಲೆ ಎರಡು ವರ್ಷದೊಳಗೆ ಅಖಿಲ ಭಾರತ ವಕೀಲರ ಪರೀಕ್ಷೆ ಪಾಸು ಮಾಡಬೇಕಲ್ಲ, ಅದು ಬಾಕಿ ಇದೆ ಅಂತ ಯಾರನ್ನೂ ಹೊರಗಿಡಬೇಡಿ.

ಲೆಕ್ಕ ವಯಸ್ಸಿನಿಂದ ಬೇಡ, ಸನ್ನದಿನ ದಿನಾಂಕದಿಂದ ಇರಲಿ. ‘35 ವರ್ಷದೊಳಗಿನವರು’ ಅಂತ ಬರೆದ ಬೈಲಾ ನೋಡಿದ್ದೇನೆ. ಬೇರೆ ಕೆಲಸ ಮಾಡಿ, 40ಕ್ಕೆ ಮೂರು ವರ್ಷದ ಎಲ್‌ಎಲ್‌ಬಿ ಮುಗಿಸಿ ಬರುವವರು ಎಷ್ಟಿಲ್ಲ? ಆಫೀಸಿನಲ್ಲಿ ಅವರೂ ಜೂನಿಯರ್ರೇ, ಅವರ ಸ್ಟೈಪೆಂಡೂ ಅಷ್ಟೇ.

ಇನ್ನು ಬಿಟ್ಟು ಹೋಗುವ ದಾರಿ. ಪೂರ್ಣಾವಧಿ ಸಂಬಳದ ಕೆಲಸಕ್ಕೆ ಸೇರಿ ಸನ್ನದು ಅಮಾನತಿನಲ್ಲಿಟ್ಟವರು, ನ್ಯಾಯಾಧೀಶರಾದವರು, ಊರು ಬಿಟ್ಟವರು ಆ ದಿನದಿಂದಲೇ ಪದಾಧಿಕಾರಿಯಲ್ಲ ಅಂತ ಬರೆಯಿರಿ. ರಾಜೀನಾಮೆ ಪತ್ರಕ್ಕೆ ಕಾಯುವುದು ಬೇಡ. ಹೋದವರು ಪತ್ರ ಬರೆಯುವುದಿಲ್ಲ. ಉಳಿದ ಅವಧಿಗೆ ಯಾರು ಅನ್ನುವುದನ್ನೂ ಅದೇ ಸಾಲಿನಲ್ಲಿ ಹೇಳಿ. ನನ್ನ ಸಲಹೆ ಇಷ್ಟು. ಅಧ್ಯಕ್ಷರ ಅವಧಿ ಒಂದೇ ವರ್ಷ. ಉಪಾಧ್ಯಕ್ಷರೇ ಮುಂದಿನ ವರ್ಷದ ಅಧ್ಯಕ್ಷರು. ಖಜಾಂಚಿಗೆ ಎರಡು ವರ್ಷ, ಅವರು ಕಿರಿಯ ವಕೀಲ ಸದಸ್ಯರೇ ಆಗಿರಬೇಕು. ಕೊನೆಯ ವರ್ಷದ ವಿದ್ಯಾರ್ಥಿಯನ್ನು ಕಾರ್ಯದರ್ಶಿ ಮಾಡಲೇಬೇಡಿ, ಎಷ್ಟೇ ಚುರುಕಾಗಿರಲಿ. ಮಾರ್ಚ್‌ನಲ್ಲಿ ನಡಾವಳಿ ಪುಸ್ತಕ ಹುಡುಕಿಕೊಂಡು ನೀವೇ ಅವನ ಊರಿಗೆ ಬಸ್ ಹತ್ತಬೇಕಾಗುತ್ತದೆ.

ಆಮೇಲೆ ಮತದ ವಿಚಾರ. ವಿದ್ಯಾರ್ಥಿಗಳು 250, ಜೂನಿಯರ್‌ಗಳು 40 ಇದ್ದಾರೆ ಅಂದುಕೊಳ್ಳಿ. ಎಲ್ಲ ಸ್ಥಾನಕ್ಕೂ ಎಲ್ಲರೂ ಮತ ಹಾಕಿದರೆ ಒಂದು ದೊಡ್ಡ ಕಾಲೇಜು ಸಮಿತಿಯನ್ನೇ ನುಂಗುತ್ತದೆ. ಸಮಿತಿಯ ಅರ್ಧ ಸ್ಥಾನ ವಿದ್ಯಾರ್ಥಿಗಳಿಗೆ, ಅರ್ಧ ಜೂನಿಯರ್‌ಗಳಿಗೆ ಅಂತ ಮೊದಲೇ ಹಂಚಿ. ಆಯಾ ವರ್ಗದವರು ಆಯಾ ಸ್ಥಾನಕ್ಕೆ ಮತ ಹಾಕಲಿ. ನಡುವಿನ ಸದಸ್ಯರನ್ನು ಜೂನಿಯರ್‌ಗಳ ಜತೆ ಸೇರಿಸಿ. ಒಂದು ಕಾಲೇಜಿನಿಂದ ಇಬ್ಬರಿಗಿಂತ ಹೆಚ್ಚು ಬೇಡ. ಮೂರನೇ ಒಂದು ಭಾಗ ಮಹಿಳೆಯರಿಗೆ ಇಡಿ. ಸುಪ್ರೀಂ ಕೋರ್ಟಿನ ವಕೀಲರ ಸಂಘದ ಕಾರ್ಯಕಾರಿ ಸಮಿತಿಯಲ್ಲೇ 2024ರಲ್ಲಿ ಕೋರ್ಟ್ ಆದೇಶದಿಂದ ಹಾಗೆ ಮೀಸಲಿಡಬೇಕಾಯಿತು. ನೀವು ಹೇಳಿಸಿಕೊಳ್ಳುವ ಮೊದಲೇ ಮಾಡಿ.

ಚುನಾವಣೆ ಹಿಂದಿನ ದಿನ ಯಾರೋ ಒಬ್ಬರು ನೂರು ಜನರ ಚಂದಾ ತಾವೇ ಕಟ್ಟಿ ಮತದಾರರನ್ನು ತಂದು ನಿಲ್ಲಿಸುವುದು ಹಳೆಯ ಆಟ. ದೊಡ್ಡವರ ಸಂಘಗಳಲ್ಲೂ ಒಬ್ಬರೇ ನಾಲ್ಕು ಕಡೆ ಮತ ಹಾಕುವ ಚಾಳಿ ಇತ್ತು. ‘ಒಬ್ಬರಿಗೆ ಒಂದೇ ಸಂಘದಲ್ಲಿ ಮತ’ ಅನ್ನುವ ನಿಯಮವನ್ನು 2011ರಲ್ಲಿ ಸುಪ್ರೀಂ ಕೋರ್ಟ್ ಎತ್ತಿಹಿಡಿದದ್ದು ಅದಕ್ಕೇ. ಮತದಾನಕ್ಕೆ 90 ದಿನ ಮೊದಲು ಸದಸ್ಯರಾಗಿದ್ದವರಿಗೆ ಮಾತ್ರ ಮತ ಅಂತ ಬರೆದರೆ ನಿಮ್ಮ ಮಟ್ಟಿಗೆ ಸಾಕು.

ಸಭೆ ನಡೆಯಲು ಇಷ್ಟು ಜನ ಇರಲೇಬೇಕು ಅನ್ನುವ ಕೋರಂ ಅಂದರೆ ಎಲ್ಲರಿಗೂ ಮೂರನೇ ಒಂದು ಭಾಗ ಇಡುವ ಆಸೆ. 290 ಜನರಲ್ಲಿ 97 ಜನ ಭಾನುವಾರ ಬರುತ್ತಾರಾ? ಕೇಕ್ ಕೊಟ್ಟರೂ ಬರುವುದಿಲ್ಲ. ಐದನೇ ಒಂದು ಭಾಗ ಅಥವಾ 30 ಜನ, ಯಾವುದು ಕಡಿಮೆಯೋ ಅದು ಇರಲಿ. ಬೈಲಾ ತಿದ್ದುವ ಸಭೆಗೆ ಮಾತ್ರ ಜಾಸ್ತಿ ಇಡಿ. ವಾರ್ಷಿಕ ಸಭೆಯ ತಿಂಗಳನ್ನು ಬೈಲಾದಲ್ಲೇ ಬರೆಯಿರಿ. ಅದು ಸೆಮಿಸ್ಟರ್ ಪರೀಕ್ಷೆಯ ತಿಂಗಳೂ ಆಗಬಾರದು, ಕೋರ್ಟಿನ ಬೇಸಿಗೆ ರಜೆಯೂ ಆಗಬಾರದು. ನನ್ನ ಆಯ್ಕೆ ಸೆಪ್ಟೆಂಬರ್.

ನಾಲ್ಕನೇ ಹಂತ: ನೋಂದಣಿ

ಜ್ಞಾಪನ ಪತ್ರ (ಸಂಘದ ಹೆಸರು, ಉದ್ದೇಶ ಹೇಳುವ ಕಾಗದ), ಬೈಲಾ, ಏಳೂ ಜನರ ಗುರುತಿನ ಚೀಟಿ, ವಿಳಾಸದ ದಾಖಲೆ ಸೇರಿಸಿ ಸಹಕಾರ ಇಲಾಖೆಯ ಜಿಲ್ಲಾ ಸಂಘಗಳ ನೋಂದಣಾಧಿಕಾರಿಗೆ ಅರ್ಜಿ ಹಾಕಿ. ಪ್ರತಿ ಪುಟಕ್ಕೂ ಸಹಿ ಇರಲಿ. ‘ನಾನು ಮಾಡಿಸಿಕೊಡ್ತೀನಿ’ ಅಂತ ಬರುವವರಿಗೆ ಕೈ ಮುಗಿಯಿರಿ. ನಾಳೆ ಕಕ್ಷಿದಾರರ ಅರ್ಜಿ ಬರೆಯುವವರು ನೀವು, ನಿಮ್ಮದನ್ನೇ ಇನ್ನೊಬ್ಬರ ಕೈಲಿ ಬರೆಸುತ್ತೀರಾ?

ಐದನೇ ಹಂತ: ದುಡ್ಡು

ಪ್ಯಾನ್ ಕಾರ್ಡ್ ಸಂಘದ ಹೆಸರಿನಲ್ಲಿ ಆಗಲಿ, ಖಾತೆಯೂ ಅಷ್ಟೇ. ‘ಸದ್ಯಕ್ಕೆ ನನ್ನ ನಂಬರಿಗೆ ಕಳಿಸಿ’ ಅಂದ ಕೂಡಲೇ ಲೆಕ್ಕ ಕೆಟ್ಟಿತು ಅಂತ ತಿಳಿಯಿರಿ. ಸಹಿದಾರರು ಮೂವರಿರಲಿ, ಚೆಕ್ಕಿಗೆ ಯಾರಾದರೂ ಇಬ್ಬರ ಸಹಿ ಸಾಕು ಅಂತ ಠರಾವು ಮಾಡಿ. ನಮ್ಮ ಸಂಘ ಸತ್ತದ್ದು ಈ ಮೂರನೇ ಹೆಸರು ಇಲ್ಲದೆ.

ಆರನೇ ಹಂತ: ಮೊದಲ ಬೇಡಿಕೆ

ಉದ್ಘಾಟನೆಗೆ ಗಣ್ಯರನ್ನು ಕರೆದು ಶಾಲು ಹೊದಿಸಿ ಹಣ ಮುಗಿಸಬೇಡಿ. ಒಂದು ಸಣ್ಣ ಕೆಲಸ ಹಿಡಿಯಿರಿ. 2008ರ ಕಾನೂನು ಶಿಕ್ಷಣ ನಿಯಮಗಳ ಪ್ರಕಾರ ಮೂರು ವರ್ಷದ ಕೋರ್ಸಿನವರು ಒಟ್ಟು 12 ವಾರ, ಐದು ವರ್ಷದವರು 20 ವಾರ ಇಂಟರ್ನ್‌ಶಿಪ್ ಮಾಡಬೇಕು. ಸೀನಿಯರ್ ಪರಿಚಯ ಇಲ್ಲದ ಹಳ್ಳಿ ಹುಡುಗರು ಆಫೀಸಿನಿಂದ ಆಫೀಸಿಗೆ ಅಲೆಯುತ್ತಾರೆ. ಕೊನೆಗೆ ಕೆಲಸವನ್ನೇ ಮಾಡದೆ ಸರ್ಟಿಫಿಕೇಟ್ ಬರೆಸಿಕೊಂಡು ಬರುತ್ತಾರೆ. ವಿದ್ಯಾರ್ಥಿಗಳನ್ನು ನಿಜವಾಗಿ ಕೂರಿಸಿ ಕಲಿಸುವ 20 ಆಫೀಸುಗಳ ಪಟ್ಟಿ ಮಾಡಿ. ಸದಸ್ಯರು ತಾವಾಗಿ ಹುಡುಕಿಕೊಂಡು ಬರುತ್ತಾರೆ.

ಸ್ಟೈಪೆಂಡ್ ವಿಚಾರ ಎತ್ತುವಾಗ ಹುಷಾರು. 2024ರ ಅಕ್ಟೋಬರ್‌ನಲ್ಲಿ ಭಾರತೀಯ ವಕೀಲರ ಪರಿಷತ್ತು ಜೂನಿಯರ್‌ಗಳಿಗೆ ನಗರದಲ್ಲಿ ತಿಂಗಳಿಗೆ 20,000, ಗ್ರಾಮಾಂತರದಲ್ಲಿ 15,000 ರೂಪಾಯಿ ಕೊಡಿ ಅಂತ ಸುತ್ತೋಲೆ ಹೊರಡಿಸಿತು. ಅದು ಶಿಫಾರಸು, ಕಡ್ಡಾಯವಲ್ಲ. ಹಾಗಾಗಿ ಸುತ್ತೋಲೆ ಹಿಡಿದು ಗದ್ದಲ ಮಾಡಿದರೆ ಮರುದಿನ ನಿಮ್ಮ ಜೂನಿಯರ್ ಸದಸ್ಯನಿಗೆ ಕುರ್ಚಿ ಇರುವುದಿಲ್ಲ. ಮೊದಲು ಹೆಸರು ಕೇಳದೆ ಒಂದು ಚೀಟಿ ಹಂಚಿ. ಸನ್ನದಾಗಿ ಎಷ್ಟು ವರ್ಷ, ಕೈಗೆ ಬರುವುದು ಎಷ್ಟು, ಟೈಪಿಂಗ್ ಮತ್ತು ಓಡಾಟದ ಖರ್ಚು ಯಾರದು ಅನ್ನುವ ಮೂರೇ ಪ್ರಶ್ನೆ. ಉತ್ತರಗಳ ಮೊತ್ತ ಹಿಡಿದು ವಕೀಲರ ಸಂಘದ ಅಧ್ಯಕ್ಷರನ್ನು ಖುದ್ದಾಗಿ ಕಾಣಿ. ಮನವಿಗೆ ಸಂಘದ ಸಹಿ ಮಾತ್ರ ಇರಲಿ, ಸದಸ್ಯರ ಹೆಸರಿನ ಪಟ್ಟಿ ಲಗತ್ತಿಸಬೇಡಿ.

ಕಲಾಪ ಬಹಿಷ್ಕಾರದ ಮಾತು ಬೇಡವೇ ಬೇಡ. ವಕೀಲರಿಗೆ ಮುಷ್ಕರ ಮಾಡುವ ಹಕ್ಕಿಲ್ಲ ಅಂತ ಸುಪ್ರೀಂ ಕೋರ್ಟ್ 2002ರಲ್ಲೇ ಹೇಳಿದೆ.

ಕೊನೆಯದು: ಪ್ರತಿ ವರ್ಷದ ಕೆಲಸ

ವಾರ್ಷಿಕ ಸಭೆ ಮುಗಿದ 14 ದಿನದೊಳಗೆ ಹೊಸ ಸಮಿತಿಯ ಪಟ್ಟಿ, ಆಡಿಟ್ ಆದ ಲೆಕ್ಕಪತ್ರ ನೋಂದಣಾಧಿಕಾರಿಗೆ ತಲುಪಬೇಕು. ಅದರ ಸ್ವೀಕೃತಿ ಪ್ರತಿ, ನಡಾವಳಿ ಪುಸ್ತಕ, ರಬ್ಬರ್ ಸ್ಟ್ಯಾಂಪು, ಚೆಕ್ ಪುಸ್ತಕ ನಾಲ್ಕನ್ನೂ ಒಂದೇ ಪೆಟ್ಟಿಗೆಯಲ್ಲಿಟ್ಟು, ಹಳೆಯ ಕಾರ್ಯದರ್ಶಿ ಹೊಸಬರಿಗೆ ಸಭೆಯಲ್ಲೇ, ಎಲ್ಲರ ಎದುರು, ಸಹಿ ಹಾಕಿಸಿಕೊಂಡು ಕೊಡಲಿ. ‘ಮನೇಲಿದೆ, ನಾಳೆ ತರ್ತೀನಿ’ ಅಂದರೆ ಊಟಕ್ಕೆ ಏಳುವ ಮೊದಲು ಯಾರನ್ನಾದರೂ ಬೈಕ್ ಕೊಟ್ಟು ಅವರ ಮನೆಗೆ ಕಳಿಸಿ.