ಫ್ರೀಕ್ಯಾಡ್‌ನಲ್ಲಿ ಅಳತೆಗೆ ಹೆಸರಿಡಿ

ಫ್ರೀಕ್ಯಾಡ್ ಅಂದರೆ 3ಡಿ ವಿನ್ಯಾಸದ ಉಚಿತ ಸಾಫ್ಟ್‌ವೇರ್. ಅದರಲ್ಲಿ ಪ್ಲೇಟಿನ ದಪ್ಪ 6 ಅಂತ ಐದಾರು ಕಡೆ ಟೈಪ್ ಮಾಡಿಟ್ಟರೆ, ನಾಳೆ 8 ಮಾಡುವಾಗ ಒಂದಾದರೂ ಕಣ್ತಪ್ಪುತ್ತದೆ. ಅದರ ಬದಲು ಅದರೊಳಗಿನ ಸ್ಪ್ರೆಡ್‌ಶೀಟ್ ವರ್ಕ್‌ಬೆಂಚ್ (ಕೋಷ್ಟಕದ ವಿಭಾಗ) ಬಳಸಿ. ಸೆಲ್‌ನಲ್ಲಿ ಅಳತೆ ಬರೆದು, ಪ್ರಾಪರ್ಟೀಸ್‌ಗೆ ಹೋಗಿ ಅಲಿಯಾಸ್ (ಆ ಸೆಲ್‌ಗೆ ನೀವಿಡುವ ಹೆಸರು) ಕೊಡಿ. ಸ್ಕೆಚ್‌ನ ಅಳತೆ ಬಾಕ್ಸ್‌ನಲ್ಲಿ ಸಮ ಚಿಹ್ನೆ ಒತ್ತಿ, ಶೀಟಿನ ಹೆಸರು, ಡಾಟ್, ಅಲಿಯಾಸ್ ಹಾಕಿ.

ಸುಮ್ನೆ 6 ಬೇಡ, '6 ಎಂಎಂ' ಅಂತಲೇ ಬರೆಯಿರಿ. ಯೂನಿಟ್ ಇರುವುದನ್ನೂ ಇಲ್ಲದ್ದನ್ನೂ ಕೂಡಿಸಿದರೆ ಎರರ್ ಬರುತ್ತದೆ. ಟಿ2 ಥರದ ಹೆಸರನ್ನು ಫ್ರೀಕ್ಯಾಡ್ ಒಪ್ಪುವುದಿಲ್ಲ, ಸೆಲ್ ವಿಳಾಸ ಅಲ್ವಾ!

ಎಲ್ಲ ಅಳತೆಗೂ ಹೆಸರಿಟ್ಟರೆ ಜಾಸ್ತಿ ಆಯ್ತು. ದಪ್ಪ, ಬೋಲ್ಟ್ ಸೈಜ್‌ನಂಥ ಬದಲಾಗುವ ಅಳತೆಗೆ ಸಾಕು. ತೂತಿನ ಮಧ್ಯದಿಂದ ಅಂಚಿನ ದೂರ ಬೋಲ್ಟ್ ವ್ಯಾಸದ ಎರಡರಷ್ಟು ಅಂತ ಸೂತ್ರದಲ್ಲೇ ಕೊಟ್ಟರೆ, ಎಂ8 (8 ಮಿ.ಮೀ. ಬೋಲ್ಟ್) ಹೋಗಿ ಎಂ10 ಬಂದಾಗ ಅದು ತಾನಾಗೇ 16ರಿಂದ 20 ಮಿ.ಮೀ. ಆಗುತ್ತದೆ.