ಎಂಜಿನ್ ಕೊಳ್ಳುವ ಮೊದಲು ಬಾಲ ತೂಗಿ ನೋಡಿ

ದೊಡ್ಡ ಆರ್‌ಸಿ ವಿಮಾನ (ನೆಲದಿಂದ ರೇಡಿಯೊ ಮೂಲಕ ಹಾರಿಸುವ ಮಾಡಲ್) ಕಟ್ಟಲು ಹೊರಟವರು "ಎಷ್ಟು ಸಿಸಿ ಎಂಜಿನ್ ಹಾಕಲಿ?" ಅಂತ ಕೇಳುತ್ತಾರೆ. ನಾನು ಕೇಳಿಕೊಂಡಿದ್ದು "ಎಷ್ಟು ತೂಕದ ಎಂಜಿನ್ ಬೇಕು?" ಅಂತ. ಮೂಗು ಗಿಡ್ಡ ಇರುವ ವಿಮಾನದಲ್ಲಿ ಈ ಎರಡು ಪ್ರಶ್ನೆಗೆ ಬೇರೆ ಬೇರೆ ಉತ್ತರ ಬರುತ್ತದೆ.

ನಾನು ಕಟ್ಟಿದ್ದು ಪುಷ್ಪಕ್. ಬೆಂಗಳೂರಿನ ಎಚ್‌ಎಎಲ್ ಮಾಡಿದ ವಿಮಾನ ಅದು. 1958ರಲ್ಲಿ ಮೊದಲ ಸಲ ಹಾರಿತು. ಅಕ್ಕಪಕ್ಕ ಎರಡು ಸೀಟು, ಮೇಲೆ ರೆಕ್ಕೆ, 90 ಎಚ್‌ಪಿ ಕಾಂಟಿನೆಂಟಲ್ ಎಂಜಿನ್. ದೇಶದ ಫ್ಲೈಯಿಂಗ್ ಕ್ಲಬ್‌ಗಳಲ್ಲಿ ಎಷ್ಟೋ ಜನ ಇದರಲ್ಲೇ ಹಾರುವುದು ಕಲಿತರು. ನಮ್ಮೂರಲ್ಲೇ ಹುಟ್ಟಿದ ವಿಮಾನವನ್ನು ಬಿಟ್ಟು ಬೇರೆ ಮಾಡಲ್ ಕಟ್ಟುವ ಮನಸ್ಸು ನನಗಾಗಲಿಲ್ಲ. ಅಸಲಿ ರೆಕ್ಕೆ ತುದಿಯಿಂದ ತುದಿಗೆ 10.97 ಮೀಟರ್. ನನ್ನದು ಅದರ ಕಾಲು ಭಾಗ, ಅಂದರೆ 2.74 ಮೀಟರ್. ರೆಕ್ಕೆಯ ಅಗಲ ಸರಾಸರಿ 37 ಸೆಂ.ಮೀ.

ಸಿ.ಜಿ. (ಗುರುತ್ವ ಕೇಂದ್ರ, ಅಂದರೆ ವಿಮಾನ ಸಮತೋಲದಲ್ಲಿ ನಿಲ್ಲುವ ಬಿಂದು) ಎಲ್ಲಿರಬೇಕು ಅನ್ನುವುದನ್ನು ಮೊದಲೇ ಗುರುತು ಹಾಕಿಕೊಂಡೆ. ಇಂಥ ನೇರ ರೆಕ್ಕೆಯ ವಿಮಾನಕ್ಕೆ ಅಗಲದ 25ರಿಂದ 30 ಶೇಕಡಾ ಒಳಗೆ ಇದ್ದರೆ ಕ್ಷೇಮ. ರೆಕ್ಕೆಯ ಮುಂದಿನ ಅಂಚಿನಿಂದ 10 ಸೆಂ.ಮೀ. ಹಿಂದೆ, ಅಂದರೆ 27 ಶೇಕಡಾ, ಅಂತ ಇಟ್ಟುಕೊಂಡೆ.

ಎಂಜಿನ್, ಇಗ್ನಿಷನ್ ಮತ್ತು ಬ್ಯಾಟರಿ ಬಿಟ್ಟು ಉಳಿದದ್ದೆಲ್ಲ ಜೋಡಿಸಿ ತೂಗಿದೆ. 6.6 ಕೆ.ಜಿ. ಬಂತು. ಅದರ ಸಿ.ಜಿ. ನನ್ನ ಗುರುತಿಗಿಂತ 14 ಸೆಂ.ಮೀ. ಹಿಂದಿತ್ತು. ತೂಕವನ್ನು ದೂರದಿಂದ ಗುಣಿಸಿದರೆ ಬಾಲದ ಕಡೆ ವಾಲಿಸುವ ಭಾರ ಸುಮಾರು 92 ಕೆ.ಜಿ.-ಸೆಂ.ಮೀ. ಇಷ್ಟನ್ನೂ ಮೂಗು ಹೊರಬೇಕು. ಎಂಜಿನ್ ಕೂರುವ ಜಾಗ ಗುರುತಿನಿಂದ 38 ಸೆಂ.ಮೀ. ಮುಂದೆ, ಅಷ್ಟೇ.

30 ಸಿಸಿ ಪೆಟ್ರೋಲ್ ಎಂಜಿನ್ ಸೈಲೆನ್ಸರ್, ಪ್ರೊಪೆಲ್ಲರ್ ಎಲ್ಲ ಸೇರಿ 1.35 ಕೆ.ಜಿ. ಆಗುತ್ತದೆ. 38ರಿಂದ ಗುಣಿಸಿದರೆ 51. ಇಗ್ನಿಷನ್ ಮತ್ತು ಬ್ಯಾಟರಿಗಳನ್ನು ಮೂಗಿಗೆ ತಳ್ಳಿದರೆ ಇನ್ನೊಂದು 13. ಒಟ್ಟು 64. ಉಳಿದ 28ಕ್ಕೆ ಮೂಗಿನಲ್ಲಿ ಮುಕ್ಕಾಲು ಕೆ.ಜಿ. ಸೀಸ ಕಟ್ಟಬೇಕು! 55 ಸಿಸಿ ಎಂಜಿನ್ ಆದರೆ 1.95 ಕೆ.ಜಿ., ಲೆಕ್ಕ ಬಹುತೇಕ ಸರಿಹೋಗುತ್ತದೆ. ಸೀಸ ಹೊರುವ ಬದಲು ಕೆಲಸ ಮಾಡುವ ಲೋಹ ಹೊರಲಿ ಅನ್ನುವ ವಾದ ಇದೆ, ಅದರಲ್ಲಿ ತಪ್ಪಿಲ್ಲ. ಆದರೆ 55 ಸಿಸಿಗೆ 22-23 ಇಂಚಿನ ಪ್ರೊಪೆಲ್ಲರ್ ಬೇಕು. ಅಸಲಿ ವಿಮಾನದ್ದು ಸುಮಾರು 6 ಅಡಿ, ಅದರ ಕಾಲು ಭಾಗ 18 ಇಂಚು. 23 ಇಂಚು ಹಾಕಿದರೆ ನೆಲಕ್ಕೆ ತಾಗುವ ಭಯ, ನೋಡಲೂ ಪುಷ್ಪಕ್ ಅನಿಸುವುದಿಲ್ಲ. ಅಲುಗಾಟವೂ ಜಾಸ್ತಿ.

ಹಾಗಾಗಿ ಬಾಲಕ್ಕೆ ಕೈ ಹಾಕಿದೆ. ಬಾಲ ನನ್ನ ಗುರುತಿನಿಂದ 95 ಸೆಂ.ಮೀ. ದೂರ. ಅಲ್ಲಿ 10 ಗ್ರಾಂ ಇಳಿಸಿದರೆ ಮೂಗಿನಲ್ಲಿ 25 ಗ್ರಾಂ ಇಳಿದಂತೆ. ಗಟ್ಟಿ ಬಾಲ್ಸಾ ಮರ ತೆಗೆದು ಹಗುರವಾದದ್ದು ಹಾಕಿದೆ, ಪ್ಲೈವುಡ್‌ಗೆ ತೂತು ಕೊರೆದೆ, ಬಾಲದ ಚಕ್ರವನ್ನು ಚಿಕ್ಕದು ಮಾಡಿದೆ. 120 ಗ್ರಾಂ ಇಳಿಯಿತು. ಹಿಂದೆ ಕೂರಿಸಿದ್ದ ರಡ್ಡರ್ (ಮೂಗನ್ನು ಎಡ-ಬಲಕ್ಕೆ ತಿರುಗಿಸುವ ಬಾಲದ ಹಲಗೆ) ಮತ್ತು ಎಲಿವೇಟರ್ (ಮೂಗನ್ನು ಮೇಲೆ-ಕೆಳಗೆ ಮಾಡುವ ಹಲಗೆ) ಸರ್ವೋಗಳನ್ನು, ಅಂದರೆ ಅವನ್ನು ಆಡಿಸುವ ಪುಟ್ಟ ಮೋಟಾರ್‌ಗಳನ್ನು, ಕ್ಯಾಬಿನ್ನಿಗೆ ತಂದು, ಅಲ್ಲಿಂದ ಬಾಲಕ್ಕೆ ಜೋಡಿ ಕೇಬಲ್ ಎಳೆದೆ. ದೊಡ್ಡ ವಿಮಾನಗಳಲ್ಲೂ ಹೀಗೇ ಇರುತ್ತದೆ ಅಲ್ವಾ? ಈ ಎರಡು ಕೆಲಸದಿಂದ 23 ಕೆ.ಜಿ.-ಸೆಂ.ಮೀ. ಉಳಿಯಿತು. ಮುಕ್ಕಾಲು ಕೆ.ಜಿ. ಸೀಸ 130 ಗ್ರಾಂಗೆ ಇಳಿಯಿತು. ಎಂಜಿನ್ನಿಗೆ ದುಡ್ಡು ಕೊಡುವ ಮೊದಲು ಅಷ್ಟೇ ತೂಕದ ಮರಳಿನ ಚೀಲವನ್ನು ಅದರ ಜಾಗದಲ್ಲಿ ನೇತುಹಾಕಿ ಪರೀಕ್ಷಿಸಿದೆ. ಕಾಗದದ ಲೆಕ್ಕ ನಿಜವಾಯಿತು.

30 ಸಿಸಿಗೆ ಶಕ್ತಿ ಸಾಲುತ್ತದಾ? ಬೆಂಗಳೂರು ಸಮುದ್ರಮಟ್ಟದಿಂದ 900 ಮೀಟರ್‌ಗೂ ಮೇಲಿದೆ. ಗಾಳಿ ತೆಳು, ಎಂಜಿನ್ ಶಕ್ತಿ ಸುಮಾರು ಹತ್ತನೇ ಒಂದು ಭಾಗ ಕಡಿಮೆ. ಆದರೂ ಸಾಲುತ್ತದೆ. 18×8 ಪ್ರೊಪೆಲ್ಲರ್ (18 ಇಂಚು ಉದ್ದ, ಒಂದು ಸುತ್ತಿಗೆ ಲೆಕ್ಕದಲ್ಲಿ 8 ಇಂಚು ಮುಂದೆ) ನಿಮಿಷಕ್ಕೆ 7000 ಸುತ್ತಿದರೆ ಲೆಕ್ಕದ ವೇಗ ಗಂಟೆಗೆ 85 ಕಿ.ಮೀ. 8.4 ಕೆ.ಜಿ.ಯ ನನ್ನ ಪುಷ್ಪಕ್ ಸ್ಟಾಲ್ ಆಗುವುದು, ಅಂದರೆ ವೇಗ ಸಾಲದೆ ರೆಕ್ಕೆ ಎತ್ತುವುದನ್ನು ಬಿಡುವುದು, 40 ಕಿ.ಮೀ.ಗಿಂತ ಕೆಳಗೆ.

ಪೆಟ್ರೋಲ್ ಎಂಜಿನ್ ಆರಿಸಲು ಇನ್ನೊಂದು ಕಾರಣ ಟ್ಯಾಂಕ್. ಗ್ಲೋ ಎಂಜಿನ್‌ಗೆ (ಮೆಥನಾಲ್ ಇಂಧನದ ಮಾಡಲ್ ಎಂಜಿನ್) ಟ್ಯಾಂಕ್ ಹತ್ತಿರವೇ ಇರಬೇಕು. ಪೆಟ್ರೋಲ್ ಎಂಜಿನ್ನಿನ ಕಾರ್ಬ್ಯುರೇಟರ್ ಒಳಗೇ ಪಂಪ್ ಇದೆ, ಟ್ಯಾಂಕ್ ದೂರ ಇದ್ದರೂ ಎಳೆದುಕೊಳ್ಳುತ್ತದೆ. ಅರ್ಧ ಲೀಟರ್ ಟ್ಯಾಂಕನ್ನು ಫೈರ್‌ವಾಲ್ (ಎಂಜಿನ್ ಕೂರುವ ಮುಂದಿನ ಗೋಡೆ) ಹಿಂದೆ ಇಟ್ಟಿದ್ದರೆ, ಖಾಲಿಯಾಗುವ ಹೊತ್ತಿಗೆ ಸಿ.ಜಿ. ಸುಮಾರು 9 ಮಿ.ಮೀ. ಹಿಂದಕ್ಕೆ ಜಾರುತ್ತಿತ್ತು. ನಾನು ಅದನ್ನು ಸಿ.ಜಿ. ಮೇಲೆಯೇ ಕೂರಿಸಿದೆ.

ಕೊನೆಯ ತೂಕ ಹಾಕುವಾಗ ಇಷ್ಟು ದೊಡ್ಡ ವಿಮಾನವನ್ನು ಬೆರಳ ತುದಿಯಲ್ಲಿ ಎತ್ತಿ ಹಿಡಿಯಲು ಆಗುವುದಿಲ್ಲ. ಮೂರು ಚಕ್ರದ ಕೆಳಗೆ ಮೂರು ತಕ್ಕಡಿ ಇಟ್ಟೆ. ಬಾಲದ್ದನ್ನು ಎತ್ತರದ ಪೆಟ್ಟಿಗೆ ಮೇಲಿಟ್ಟು ವಿಮಾನವನ್ನು ಹಾರುವ ಭಂಗಿಗೆ ತಂದೆ. ರೆಕ್ಕೆಯ ಅಂಚಿನಿಂದ ದಾರಕ್ಕೆ ಗುಂಡು ಕಟ್ಟಿ ಇಳಿಬಿಟ್ಟು ನೆಲದ ಮೇಲೆ ಅಳೆದೆ. ಮುಂದಿನ ಚಕ್ರಗಳು ಅಂಚಿಗಿಂತ 2 ಸೆಂ.ಮೀ. ಹಿಂದೆ, ಅಲ್ಲಿಂದ ಬಾಲದ ಚಕ್ರ 118 ಸೆಂ.ಮೀ. ಬಾಲದ ತೂಕವನ್ನು 118ರಿಂದ ಗುಣಿಸಿ ಒಟ್ಟು ತೂಕದಿಂದ ಭಾಗಿಸಿದರೆ, ಸಿ.ಜಿ. ಮುಂದಿನ ಚಕ್ರಗಳಿಂದ ಎಷ್ಟು ಹಿಂದಿದೆ ಅಂತ ಸಿಗುತ್ತದೆ. ನನಗೆ ಬೇಕಿದ್ದದ್ದು 8 ಸೆಂ.ಮೀ., ಅಂದರೆ ಬಾಲದಲ್ಲಿ 570 ಗ್ರಾಂ. ಸಿ.ಜಿ. ಒಂದು ಸೆಂ.ಮೀ. ಸರಿದರೆ ತಕ್ಕಡಿ 71 ಗ್ರಾಂ ಬದಲಾಗುತ್ತದೆ. ಅಡುಗೆಮನೆಯ ಡಿಜಿಟಲ್ ತಕ್ಕಡಿಗೆ ಇದು ಸುಲಭದ ಕೆಲಸ. ಟ್ಯಾಂಕ್ ಖಾಲಿ ಇರುವಾಗಲೇ ತೂಗಬೇಕು.

ಹಾರಿಸುವ ಮುನ್ನ ಸರ್ಕಾರದ ಡ್ರೋನ್ ನಕ್ಷೆಯಲ್ಲಿ ಜಾಗ ಹಸಿರು ವಲಯದಲ್ಲಿ, ಅಂದರೆ ಮುಂಗಡ ಅನುಮತಿ ಬೇಡದ ವಲಯದಲ್ಲಿ, ಇದೆಯಾ ನೋಡಿ. 2021ರ ಡ್ರೋನ್ ನಿಯಮದಲ್ಲಿ ಮಾಡಲ್ ವಿಮಾನ 25 ಕೆ.ಜಿ. ಮೀರುವಂತಿಲ್ಲ, ಕಣ್ಣಿಗೆ ಕಾಣುವಷ್ಟರಲ್ಲೇ ಹಾರಿಸಬೇಕು.

ಸಾಕಷ್ಟು ಎತ್ತರಕ್ಕೆ ಒಯ್ದು, ಟ್ರಿಮ್ ಮಾಡಿ (ಕೈಬಿಟ್ಟರೂ ನೇರ ಹಾರುವಂತೆ ಹೊಂದಿಸಿ), ಮೂಗನ್ನು ಸ್ವಲ್ಪ ಕೆಳಗೆ ತಿರುಗಿಸಿ ಎಲಿವೇಟರ್ ಕಡ್ಡಿಯಿಂದ ಕೈ ಬಿಟ್ಟೆ. ವಿಮಾನ ತಾನೇ ಜೋರಾಗಿ ಮೇಲೆದ್ದಿತು. ಮೂಗು ಭಾರ ಅಂತ ಅರ್ಥ. ಇನ್ನಷ್ಟು ಕೆಳಗೆ ಧುಮುಕಿದ್ದರೆ ಬಾಲ ಭಾರ ಅಂತ ಆಗುತ್ತಿತ್ತು, ಅದು ಅಪಾಯ. ಸೀಸವನ್ನು ಸ್ವಲ್ಪ ಸ್ವಲ್ಪವೇ ತೆಗೆಯುತ್ತ, ಪ್ರತಿ ಸಲ ಇದೇ ಪರೀಕ್ಷೆ ಮಾಡುತ್ತ ಹೋದೆ. ಈಗ 130 ಗ್ರಾಂ ಪೂರ್ತಿ ಹೊರಗೆ ಬಂದಿದೆ. ಸಿ.ಜಿ. 10.6 ಸೆಂ.ಮೀ.ನಲ್ಲಿ ನಿಂತಿದೆ, ಬಾಲದ ತಕ್ಕಡಿ 600 ಗ್ರಾಂ ತೋರಿಸುತ್ತದೆ.